ಭಾನುವಾರದೊಳಗೆ ಎರಡು ಹಲ್ಲು

ಈ ಸೀಮೆಯ ಹವ್ಯಕರಲ್ಲಿ ಮದುವೆಯಾಗದ ಗಂಡು ಎಷ್ಟು ವಯಸ್ಸಾದರೂ ಮಾಣಿ, ಹೆಣ್ಣು ಎಷ್ಟು ವಯಸ್ಸಾದರೂ ಕೂಸು. ಹೆಗ್ಗರಣೆ ಕಡೆಯ ವಿಶ್ವೇಶ್ವರ ಭಟ್ಟನಿಗೆ ನಲವತ್ತೆರಡು ತುಂಬಿತ್ತು. ಕಿವಿಯ ಮೇಲೆ ಕೂದಲು ನರೆತಿತ್ತು, ಮಂಡಿ ನೋಯಲು ಶುರುವಾಗಿತ್ತು, ಈಗ ಮೇಲಿನ ಸಾಲಿನ ಎದುರು ಹಲ್ಲು ಎರಡೂ ಹೋಗಿದ್ದವು. ಆದರೂ ಅವನು ಮಾಣಿಯೇ.

ಹಲ್ಲು ವಯಸ್ಸಿಗೆ ಉದುರಿದ್ದಲ್ಲ. ವಿಶ್ವೇಶ್ವರ ಮದುವೆ ಮನೆಗಳ ಅಡುಗೆ ಭಟ್ಟ. ಸಿದ್ದಾಪುರದ ಒಂದು ಮದುವೆಯಲ್ಲಿ ಅನ್ನದ ಹಂಡೆಯ ಕಿವಿಗೆ ಬಿದಿರ ಗಳ ತೂರಿಸಿ ಅವನೂ ಇನ್ನೊಬ್ಬನೂ ಹಿಡಿದು ಇಳಿಸುತ್ತಿದ್ದಾಗ ಆಚೆಯವನ ಕೈ ಜಾರಿತು. ಈಚೆಯ ತುದಿ ಎದ್ದು ಬಂದು ವಿಶ್ವೇಶ್ವರನ ಬಾಯಿಗೆ ಬಡಿಯಿತು. ಒಂದು ಹಲ್ಲು ಅಲ್ಲೇ ಬಿತ್ತು, ಇನ್ನೊಂದನ್ನು ಅವನೇ ಕಿತ್ತು ಎಸೆದ. ಅಂದು ಆರುನೂರು ಎಲೆಯ ಊಟ. ಮುಖಕ್ಕೆ ಟವೆಲು ಸುತ್ತಿಕೊಂಡು ಹೋಳಿಗೆ ಬೇಯಿಸಿ ಮುಗಿಸಿದ. ಉಂಡವರು ಹೋಳಿಗೆಯನ್ನು ಹೊಗಳಿ ಹೋದರು. ಅಡುಗೆ ಮನೆಯಲ್ಲಿ ಯಾರ ಬಾಯಿ ಏನಾಯಿತು ಎಂದು ಮದುವೆಗೆ ಬಂದವರು ಎಲ್ಲಿ ಕೇಳುತ್ತಾರೆ?

ಆಮೇಲೆ ಒಂದೂವರೆ ತಿಂಗಳು ಅವನು ಆ ಕಿಂಡಿಯನ್ನು ಹಾಗೇ ಬಿಟ್ಟುಕೊಂಡಿದ್ದ. ನಗು ಬಂದರೆ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು, ಅಷ್ಟೆ. ಒಲೆಯ ಮುಂದೆ ನಿಂತವನ ಹಲ್ಲನ್ನು ಯಾರು ನೋಡಬೇಕು? ಕೂಸು ನೋಡುವುದಕ್ಕೆ ಹೋಗುವ ಆಸೆಯನ್ನಂತೂ ಅವನು ಬಿಟ್ಟೇ ಬಿಟ್ಟಿದ್ದ. ಅದುವರೆಗೆ ಹದಿನಾರು ಮನೆಯ ಶಿರಾ ತಿಂದಾಗಿತ್ತು. ಅಡುಗೆಯವನಲ್ಲವೇ, ಮೊದಲ ಚಮಚಕ್ಕೇ ಅವನಿಗೆ ಭವಿಷ್ಯ ಗೊತ್ತಾಗುತ್ತಿತ್ತು. ತುಪ್ಪ ಮುಂದಾಗಿದ್ದರೆ ಅಪ್ಪ ಅಮ್ಮನಿಗೆ ಆಸೆ ಇದೆ, ರವೆ ಹಸಿಯಾಗಿದ್ದರೆ ಕೂಸಿಗೆ ಮನಸ್ಸಿಲ್ಲ. ಕೊನೆಗೆ ಎಲ್ಲ ಕಡೆಯೂ ಒಂದೇ ಮಾತು: ಆಮೇಲೆ ತಿಳಿಸುತ್ತೇವೆ. ಹಾಗೆಂದವರಲ್ಲಿ ನಾಲ್ವರ ಮದುವೆಗೆ ಅವನೇ ಅಡುಗೆ ಮಾಡಿದ್ದ. ಒಬ್ಬಳಂತೂ ಗಂಡನನ್ನು ಅಡುಗೆ ಮನೆಗೆ ಕರೆತಂದು, ಸಾರು ಬಹಳ ಚೆನ್ನಾಗಿತ್ತು ಎಂದು ಹೇಳಿಸಿ ಹೋಗಿದ್ದಳು. ಒಳ್ಳೆಯ ಹುಡುಗಿ. ಅವಳ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಅವನಿಗೆ ಸಾಕಾಗಿತ್ತು, ಅಷ್ಟೆ.

ಒಂದು ಸೋಮವಾರ ಅಕ್ಕ ದೇವಕಿಯ ಫೋನು ಬಂತು. ದೇವಕಿಯನ್ನು ಕೊಟ್ಟಿದ್ದು ಶಿರಸಿಗೆ. ಅಮ್ಮ ಹೋದ ಮೇಲೆ ತಮ್ಮನ ಮದುವೆಯ ಭಾರವನ್ನು ಯಾರೂ ಹೊರಿಸದೆ ತಾನೇ ಹೊತ್ತುಕೊಂಡವಳು.

“ತಮ್ಮಾ, ಮಾಗೋಡು ಬದಿಗೆ ಒಂದು ಕೂಸು ಇದ್ದು. ನಾಗವೇಣಿ ಹೇಳಿ. ಮೂವತ್ತೇಳು. ಒಂದ್ಸಲ ಮದುವೆ ಆಗಿ ಬಿಟ್ಟು ಬಂದಿದ್ದು. ಆ ಗಂಡಿಗೆ ಪುಣೆಯಲ್ಲಿ ಮೊದ್ಲೇ ಒಂದು ಹೆಂಡ್ತಿ ಇದ್ದಿತ್ತಡ, ಮುಚ್ಚಿಟ್ಟು ಮದುವೆ ಮಾಡಿದ್ವಡ. ಈಗ ಮುಚ್ಚುಮರೆ ಅಂದ್ರೆ ಆ ಕೂಸಿಗೆ ಆಗ್ತೇ ಇಲ್ಲೆ.” ಅದೇ ಉಸಿರಿನಲ್ಲಿ ಮುಂದುವರಿಸಿದಳು: “ಭಾನುವಾರ ಹೋಪದು. ಅಷ್ಟ್ರೊಳಗೆ ಹಲ್ಲು ಕಟ್ಟಿಸ್ಕ. ಕಟ್ಟಿಸಿದ್ದು ಹೇಳಿ ಮಾತ್ರ ಅಲ್ಲಿ ಬಾಯಿ ಬಿಡಡ.”

“ಅಕ್ಕಾ, ಎಂಗೆ ಸಾಕಾತು.”

“ನಿಂಗೆ ಸಾಕಾತು. ಎಂಗೆ ಸಾಕಾಯ್ದಿಲ್ಲೆ,” ಎಂದು ದೇವಕಿ ಫೋನಿಟ್ಟಳು.

ಅಕ್ಕನ ಮುಚ್ಚುಮರೆ ಅವನಿಗೆ ಹೊಸದಲ್ಲ. ಹನ್ನೊಂದನೆಯ ಕೂಸು ನೋಡಲು ಹೋದಾಗ ಅವಳು ಅವನ ವಯಸ್ಸಿನಲ್ಲಿ ನಾಲ್ಕು ವರ್ಷ ಕಡಿಮೆ ಹೇಳಿದ್ದಳು. ಆ ಕೂಸಿನ ಸೋದರಮಾವ ವಿಶ್ವೇಶ್ವರನ ಪಕ್ಕದ ಬೆಂಚಿನಲ್ಲೇ ಕೂತು ಹೈಸ್ಕೂಲು ಓದಿದವನು ಎಂದು ಯಾರಿಗೆ ಗೊತ್ತಿತ್ತು! ಅಂದು ಜಗುಲಿ ಇಳಿದು ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಬಂದ ನಗು ಇನ್ನೂ ಅವನ ಕಿವಿಯಲ್ಲಿತ್ತು. ಇನ್ನೊಮ್ಮೆ ಅಂಥ ನಗು ಕೇಳುವ ಗಟ್ಟಿ ಎದೆ ತನಗಿಲ್ಲವೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮಂಗಳವಾರ ಅಕ್ಕ ತಮ್ಮ ಇಬ್ಬರೂ ಶಿರಸಿಯ ಹಲ್ಲಿನ ಡಾಕ್ಟರ ಬಳಿ ಕೂತರು. ಡಾಕ್ಟರಮ್ಮ ಹಾವೇರಿ ಕಡೆಯವರು. ಕನ್ನಡಿ ಕಡ್ಡಿ ಆಡಿಸಿ, ಎಕ್ಸ್‌ರೇ ತೆಗೆಸಿ, ಕುರ್ಚಿ ಹತ್ತಿರ ಎಳೆದುಕೊಂಡರು.

“ನೋಡ್ರಿ ಭಟ್ರ, ಮೂರು ದಾರಿ ಅದಾವ. ಒಂದು, ತಗದು ಹಾಕೋ ಹಲ್ಲು. ಬಾಯಾಗಿನ ಅಂಗುಳಕ್ಕ ಒಂದು ಪ್ಲೇಟು ಕುಂಡರತೈತಿ, ಅದಕ್ಕ ಎರಡು ಹಲ್ಲು, ಹಿಡಕೊಳ್ಳಾಕ ತಂತಿ. ನಾಕು ದಿನದಾಗ ಕೊಡ್ತೀನಿ. ಎರಡನೇದು ಬ್ರಿಜ್ಜು. ಆಚೀಚೆ ಇರೋ ಒಳ್ಳೇ ಹಲ್ಲನ್ನ ಸಣ್ಣಗ ತೇದು, ಅವಕ್ಕ ಟೊಪಗಿ ಹಾಕಿ, ನಡುವೆ ಎರಡು ಹಲ್ಲು ಕೂಡಿಸೋದು. ಹತ್ತು ಹನ್ನೆರಡು ದಿನ ಬೇಕು. ಮೂರನೇದು ಎಲುಬಿಗೇ ಸ್ಕ್ರೂ. ನಿಮ್ಮ ಎಲುಬು ಭಾಳ ಗಟ್ಟಿ ಐತ್ರಿ, ನಾ ಹೇಳೋದು ಅದನ್ನ. ಆದ್ರ ಎಲುಬು ಅದನ್ನ ಹಿಡಕೊಳ್ಳಾಕ ಐದು ತಿಂಗಳು ಬೇಕು. ಆಮೇಲೆ ಮ್ಯಾಲೆ ಹಲ್ಲು.”

ಬ್ರಿಜ್ಜಿನ ಮಾತಿಗೇ ವಿಶ್ವೇಶ್ವರನಿಗೆ ಮುಜುಗರವಾಯಿತು. ಹೋದ ಎರಡರ ಭಾರ ಹೊರಲಿ ಎಂದು ಉಳಿದ ಎರಡನ್ನು ತೇಯುವುದು ಯಾವ ನ್ಯಾಯ? ಬಡಿಸುವ ಇಬ್ಬರು ಕೈಕೊಟ್ಟರೆ ಬಂದ ಇಬ್ಬರ ಸೊಂಟ ಮುರಿಯುವುದನ್ನು ಅವನು ಎಷ್ಟು ಮದುವೆಯಲ್ಲಿ ಕಂಡಿಲ್ಲ? ಸ್ಕ್ರೂ ಮಾತ್ರ ಮನಸ್ಸಿಗೆ ಬಂತು. ತನ್ನ ಮೈಯಲ್ಲಿ ಒಂದು ಎಲುಬಾದರೂ ಗಟ್ಟಿ ಇದೆ ಎಂದು ಕೇಳಿ ಒಂದು ನಮೂನೆ ಸಮಾಧಾನವೂ ಆಯಿತು. ಆದರೆ ದೇವಕಿ ಬಾಯಿ ಹಾಕಿದಳು: “ಭಾನುವಾರದೊಳಗೆ ಆಪದು ಯಾವುದು?”

ಭಾನುವಾರದೊಳಗೆ ಆಗುವುದು ಪ್ಲೇಟು ಒಂದೇ. ಡಾಕ್ಟರಮ್ಮ ಬಣ್ಣದ ಹಲ್ಲುಗಳ ಪಟ್ಟಿ ತಂದು ಅವನ ಬಾಯಿಯ ಹತ್ತಿರ ಹಿಡಿದು, ಇಪ್ಪತ್ತು ವರ್ಷ ಎಲೆಯಡಿಕೆಯ ಕವಳ ಅಗಿದ ಹಲ್ಲಿಗೆ ಹೊಂದುವ ಮಾಸಲು ಬಣ್ಣವೊಂದನ್ನು ಆರಿಸಿದರು. ದೇವಕಿ ಒಪ್ಪಲಿಲ್ಲ. ಸಾಲಿನ ತುದಿಯಲ್ಲಿದ್ದ ಅಚ್ಚ ಬಿಳಿಯದೇ ಬೇಕೆಂದಳು. ಉಳಿದ ಹಲ್ಲಿಗೆ ಹೊಂದುವುದಿಲ್ಲ ಎಂದು ಡಾಕ್ಟರಮ್ಮ ಎರಡು ಸಲ ಹೇಳಿ ನೋಡಿದರು. ಹಟದಲ್ಲಿ ದೇವಕಿಯನ್ನು ಗೆದ್ದವರಿಲ್ಲ. ವಿಶ್ವೇಶ್ವರ ಬಾಯಿ ತೆರೆದುಕೊಂಡು ಸುಮ್ಮನೆ ಕೂತಿದ್ದ. ಅವನ ಹಲ್ಲಿನ ಬಗ್ಗೆ ಅವನನ್ನು ಯಾರೂ ಕೇಳಲಿಲ್ಲ.

ಶನಿವಾರ ಹಲ್ಲು ಬಂತು. ಕನ್ನಡಿಯಲ್ಲಿ ನೋಡಿದರೆ ಹಳೆಯ ಗೋಡೆಗೆ ಎರಡೇ ಎರಡು ಕಡೆ ಸುಣ್ಣ ಹೊಡೆದ ಹಾಗೆ ಕಾಣುತ್ತಿತ್ತು. ಮಾತಿನ ನಡುವೆ ಪ್ಲೇಟು ಕಟ್ ಎನ್ನುತ್ತಿತ್ತು. ರಾತ್ರಿ ಮಾವಿನಕಾಯಿಯ ಅಪ್ಪೆಹುಳಿ ಕುಡಿದರೆ ಅದು ಅಂಗುಳಕ್ಕೆ ತಾಗಲೇ ಇಲ್ಲ, ಯಾರದೋ ಬಾಯಿಯಲ್ಲಿ ಕುಡಿದಂತಾಯಿತು.

ಭಾನುವಾರ ಭಾವನ ಕಾರಿನಲ್ಲಿ ಹೊರಟರು. ಶಿರಸಿಯಿಂದ ಯಲ್ಲಾಪುರದವರೆಗೂ ದೇವಕಿಯ ಉಪದೇಶ: ಗಟ್ಟಿ ತಿಂಡಿ ಮುಟ್ಟಡ, ದೊಡ್ಡಕ್ಕೆ ನಗಡ, ಮಾತು ಕಡಿಮೆ ಮಾಡು. ವಿಶ್ವೇಶ್ವರ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಇದು ಕೊನೆಯದು, ಹದಿನೇಳಕ್ಕೆ ಮುಗಿಯಿತು ಎಂದು ಮನಸ್ಸಿನಲ್ಲೇ ಹೇಳಿಕೊಂಡ. ಹಾಗೆ ಹೇಳಿಕೊಂಡ ಮೇಲೂ ಮಾಗೋಡಿನ ದಾರಿಗೆ ಹೊರಳುವಾಗ ಅಂಗಿಯ ಕಾಲರು ಸರಿ ಮಾಡಿಕೊಂಡ. ಆಸೆ ಎನ್ನುವುದಕ್ಕೆ ಮಾನ ಮರ್ಯಾದೆ ಇಲ್ಲ.

ನಾಗವೇಣಿಯ ಅಪ್ಪ ಸೀತಾರಾಮ ಹೆಗಡೆಯವರಿಗೆ ಎಪ್ಪತ್ತೈದು. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು, ಇನ್ನೊಂದು ಬಾಕಿ. ಕೈಕಾಲಿಗೆ ನೀರು ಕೊಟ್ಟು, ಕುಡಿಯಲು ಆಸ್ರಿ ಕೊಟ್ಟು, ಕೂರಿಸಿದರು. ನಾಗವೇಣಿ ಶಿರಾ, ಚಕ್ಕುಲಿ, ಚಹ ತಂದಿಟ್ಟು ಎದುರಿಗೇ ಕುರ್ಚಿ ಹಾಕಿಕೊಂಡು ಕೂತಳು. ಯಲ್ಲಾಪುರದ ಒಂದು ಸೊಸೈಟಿಯ ಕೌಂಟರಿನಲ್ಲಿ ಅವಳ ಕೆಲಸ. ದಿನವಿಡೀ ಜನರ ಮುಖ ನೋಡಿ ಅಭ್ಯಾಸವಿದ್ದ ಕಣ್ಣು. ವಿಶ್ವೇಶ್ವರ ಶಿರಾ ಬಾಯಿಗಿಟ್ಟ. ತುಪ್ಪ ಮುಂದಾಗಿದೆಯೋ ರವೆ ಹಸಿಯಿದೆಯೋ ಪ್ಲೇಟಿನ ದೆಸೆಯಿಂದ ಏನೂ ತಿಳಿಯಲಿಲ್ಲ.

ಹೆಗಡೆಯವರು ಬಾಗಿ, ಸರಿಯಿದ್ದ ಕಣ್ಣಿನಿಂದ ಅವನ ಮುಖ ನೋಡಿದರು. “ಕವಳದ ಅಭ್ಯಾಸ ಇಲ್ಲೆ ಕಾಣ್ತು. ಹಲ್ಲು ಭಾರಿ ಚೊಲೋ ಇದ್ದು ಮಾಣೀದು.”

“ಎಂಗಳ ಮನೆತನದಲ್ಲೇ ಹಲ್ಲು ಗಟ್ಟಿ,” ಎಂದಳು ದೇವಕಿ, ತಡವರಿಸದೆ.

ಭಾವ ಕೆಮ್ಮಿದ. ವಿಶ್ವೇಶ್ವರ ತಲೆ ಎತ್ತಿದಾಗ ನಾಗವೇಣಿಯ ಕಣ್ಣು ಅವನ ಎರಡು ಬಿಳಿ ಹಲ್ಲಿನ ಮೇಲೇ ಇತ್ತು. ಅವಳು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಅವಳ ಮುಖದಲ್ಲಿ ಏನೋ ಒಂದು ನಿಧಾನವಾಗಿ ಬಾಗಿಲು ಹಾಕಿಕೊಳ್ಳುತ್ತಿತ್ತು. ಮೊದಲ ಮದುವೆಯಲ್ಲೂ ಹೀಗೇ ಯಾರೋ ಜಗುಲಿಯ ಮೇಲೆ ಕೂತು ಮನೆತನವನ್ನು ಹೊಗಳಿರಬೇಕು, ಇವಳು ಹೀಗೇ ಚಹದ ಕಪ್ಪು ಇಟ್ಟು ಕೇಳಿಸಿಕೊಂಡಿರಬೇಕು. ವಿಶ್ವೇಶ್ವರನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದಣಿವಾಯಿತು. ಸುಳ್ಳು ಹೊರುವುದಕ್ಕೂ ತೋಳಲ್ಲಿ ಬಲ ಬೇಕು. ಆರುನೂರು ಎಲೆಯ ಅನ್ನ ಇಳಿಸಿದವನಿಗೆ ಈ ಎರಡು ಹಲ್ಲು ಹೊರುವುದು ಆಗಲಿಲ್ಲ.

ಅವನು ಬಾಯಿಗೆ ಬೆರಳು ಹಾಕಿ, ಪ್ಲೇಟು ಕಿತ್ತು, ಚಹದ ಕಪ್ಪಿನಡಿಯ ಬಸಿಯಲ್ಲಿಟ್ಟ.

“ಇದು ಕಟ್ಟಿಸಿದ್ದು. ನಿನ್ನೆ ಬಂದಿದ್ದು. ಸಿದ್ದಾಪುರದ ಮದುವೆಯಲ್ಲಿ ಹಂಡೆ ಗಳ ಬಡದು ಹಲ್ಲು ಹೋತು. ಕವಳನೂ ತಿಂತೆ. ನಿಂಗಳಿಗೆ ತೋರಿಸಲೆ ಹೇಳೇ ಇದನ್ನ ಹಾಕ್ಯಂಡು ಬಂದಿದ್ದು.”

ದೇವಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಹೆಗಡೆಯವರು, “ಎಂತಾತು, ಎಂತಾತು?” ಎಂದು ಒಬ್ಬೊಬ್ಬರ ಕಡೆಗೂ ತಿರುಗಿ ಕೇಳತೊಡಗಿದರು. ವಿಶ್ವೇಶ್ವರ ಏಳುವುದಕ್ಕೆ ಮಂಡಿಯ ಮೇಲೆ ಕೈಯೂರಿದ.

“ನೋವಾಗಿತ್ತಾ?” ಎಂದು ನಾಗವೇಣಿ ಕೇಳಿದಳು.

ಅವನು ಮಂಡಿಯಿಂದ ಕೈ ತೆಗೆದ. ಹದಿನಾರು ಮನೆಯವರು ಅವನ ವಯಸ್ಸು ಕೇಳಿದ್ದರು, ಆಸ್ತಿ ಕೇಳಿದ್ದರು, ಮಳೆಗಾಲದಲ್ಲಿ ಕೆಲಸ ಇರುತ್ತದೆಯೋ ಎಂದು ಕೇಳಿದ್ದರು. ಹಲ್ಲು ಹೋದ ಮೇಲೆ ಊರವರು ಹೇಗೆ ಹೋಯಿತು ಎಂದರು, ಅಕ್ಕ ಯಾವಾಗ ಕಟ್ಟಿಸುತ್ತೀ ಎಂದಳು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

“ಆಗಿತ್ತು,” ಎಂದ. “ಭಾರಿ ನೋವಾಗಿತ್ತು.”

“ಹಲ್ಲು ಕಟ್ಟಿಸಲೆ ಇದು ಒಂದೇ ನಮೂನೆ ಇದ್ದಿದ್ದಾ?”

ಅವನು ಮೂರು ದಾರಿಯನ್ನೂ ಹೇಳಿದ, ಎಲುಬು ಗಟ್ಟಿ ಎಂದು ಡಾಕ್ಟರಮ್ಮ ಹೇಳಿದ್ದನ್ನೂ ಸೇರಿಸಿ. ಹಲ್ಲಿಲ್ಲದ ಬಾಯಿಯಿಂದ ಗಾಳಿ ಹೋಗುತ್ತಿತ್ತು, ಆದರೂ ಹೇಳಿದ. ಅವಳು ಕೌಂಟರಿನಲ್ಲಿ ಕೂತ ಹಾಗೇ ಕೂತು ಕೇಳಿಸಿಕೊಂಡಳು.

“ಸ್ಕ್ರೂನೇ ಚೊಲೋ ಹೇಳಿದ್ರಡ. ಮತ್ತೆ ಎಂತಕ್ಕೆ ಹಾಕ್ಸಿದ್ರಿಲ್ಲೆ?”

“ಅದಕ್ಕೆ ಐದು ತಿಂಗಳು ಬೇಕಡ. ಭಾನುವಾರ ಇಲ್ಲಿಗೆ ಬಪ್ಪದಿತ್ತು.”

ನಾಗವೇಣಿ ಬಸಿಯಲ್ಲಿದ್ದ ಹಲ್ಲನ್ನು ನೋಡಿದಳು. “ಹೋದ ಸಲ ಆನು ಒಂದೇ ಸಂಜೆಗೆ ಹೂಂ ಹೇಳಿದ್ದೆ,” ಎಂದಳು. “ಈ ಸಲ ಹಾಂಗೆ ಆಗ್ತಿಲ್ಲೆ. ನಿಂಗ ಸ್ಕ್ರೂ ಹಾಕ್ಸ್ಕಳಿ. ಎಂಗೂ ಐದು ತಿಂಗಳು ಬೇಕು. ಆಮೇಲೆ ನೋಡನ.”

ತಿರುಗಿ ಬರುವಾಗ ದೇವಕಿ ಅತ್ತಳು, ಬೈದಳು, ಮತ್ತೆ ಅತ್ತಳು. “ಐದು ತಿಂಗಳು ಅಂದ್ರೆ ಇಲ್ಲೆ ಹೇಳೇ ಅರ್ಥ. ಮರ್ಯಾದಸ್ಥರು, ಬಾಯಿಬಿಟ್ಟು ಹೇಳಿದ್ವಿಲ್ಲೆ ಅಷ್ಟೇಯ. ಬಸಿಯಲ್ಲಿ ಹಲ್ಲು ಕಿತ್ತಿಟ್ಟ ಮಾಣಿಗೆ ಯಾರು ಕೂಸು ಕೊಡ್ತ?” ವಿಶ್ವೇಶ್ವರ ಕಿಟಕಿಯ ಗಾಜು ಇಳಿಸಿದ. ಅಕ್ಕ ಹೇಳುವುದೇ ನಿಜವಿರಬಹುದು. ಆಮೇಲೆ ತಿಳಿಸುತ್ತೇವೆ ಎನ್ನುವುದಕ್ಕೆ ಇದೂ ಒಂದು ನಮೂನೆಯಿರಬಹುದು. ಆದರೆ ಹಿಂದಿನವರು ಯಾರೂ ತಿಂಗಳು ಎಣಿಸಿ ಹೇಳಿರಲಿಲ್ಲ.

ಮಂಚೀಕೇರಿ ದಾಟುವಾಗ ದೇವಕಿ ಹಿಂದೆ ತಿರುಗಿ ಅವನ ಮುಖ ನೋಡಿ ಚೀರಿದಳು. “ಹಲ್ಲೆಲ್ಲಿದ್ದೋ?”

ವಿಶ್ವೇಶ್ವರ ಕಿಸೆ ಮುಟ್ಟಿ ನೋಡಿದ. ಬಸಿಯಲ್ಲೇ ಉಳಿದಿತ್ತು. ಭಾವ ಕಾರು ನಿಲ್ಲಿಸಿ, ತಿರುಗಿಸುವುದೋ ಬೇಡವೋ ಎಂದು ಕನ್ನಡಿಯಲ್ಲಿ ಕೇಳುತ್ತಿದ್ದ ಹೊತ್ತಿಗೇ ಫೋನು ಬಂತು. ಗೊತ್ತಿಲ್ಲದ ನಂಬರು.

“ಆನು ನಾಗವೇಣಿ. ಜಾತಕದ ಮೇಲೆ ನಂಬರು ಇದ್ದಿತ್ತು. ನಿಂಗಳ ಹಲ್ಲು ಇಲ್ಲೇ ಉಳತ್ತು.”

“ಈಗ ಗೊತ್ತಾತು.”

“ಅಪ್ಪಯ್ಯ ಕೊಬ್ಬರಿ ಚೂರು ಹೇಳಿ ಬಾಯಿಗೆ ಹಾಕ್ಯಂಬಲೆ ಹೊರಟಿದ್ದ. ತಪ್ಪಿಸಿ ತೊಳದು ಇಟ್ಟಿದ್ದೆ. ಡಾಕ್ಟರ ಹತ್ರ ಯಾವಾಗ ಹೋಪದು?”

ವಿಶ್ವೇಶ್ವರ ಇನ್ನೂ ಅದನ್ನು ಯೋಚಿಸಿಯೇ ಇರಲಿಲ್ಲ. “ಬುಧವಾರ,” ಎಂದ.

“ಹಾಂಗಾರೆ ಬುಧವಾರ ರಜೆ ಹಾಕಿ ಶಿರಸಿಗೆ ಆನೇ ತಗಂಡು ಬತ್ತೆ. ನಿಂಗಳ ಎಲುಬು ನಿಜಕ್ಕೂ ಗಟ್ಟಿ ಇದ್ದಾ ಹೇಳಿ ಡಾಕ್ಟರ ಹತ್ರ ಆನೂ ಒಂದು ಮಾತು ಕೇಳವು.”

ಫೋನು ಕಿಸೆಗಿಟ್ಟ ವಿಶ್ವೇಶ್ವರನಿಗೆ ಕೊಬ್ಬರಿ ಚೂರು ನೆನಪಾಗಿ ನಗು ಬಂತು, ಹೊಟ್ಟೆಯಿಂದಲೇ ಬಂತು. “ಎಂತ ನಗೆ ನಿಂದು? ಯಾರದ್ದು ಫೋನು?” ಎಂದು ದೇವಕಿ ಕಣ್ಣೊರೆಸಿಕೊಳ್ಳುತ್ತ ಕೇಳಿದಳು. ಬಾಯಿ ಮುಚ್ಚಿಕೊಳ್ಳಲು ಎತ್ತಿದ ಕೈಯನ್ನು ಅವನು ಅರ್ಧಕ್ಕೇ ಇಳಿಸಿದ.