ಒಗ್ಗರಣೆ ಹಾಕದ ಮನೆ

ನೇಸರಗಿಯ ಆಚೆಗಿನ ಆ ಊರಿನಲ್ಲಿ ಬೀರವ್ವನ ಮನೆಯಿಂದ ಒಗ್ಗರಣೆಯ ವಾಸನೆ ಬರದೆ ಒಂದು ಸುಗ್ಗಿಯೇ ಕಳೆದುಹೋಗಿತ್ತು. ಪ್ಲೇಗು ಬಂದು ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಅವಳ ಒಬ್ಬನೇ ಮಗ ಪರಸಪ್ಪ ತೀರಿಕೊಂಡ. ಬೇನೆ ಇಳಿದ ಮೇಲೆ ಜನ ಊರಿಗೆ ಮರಳಿ, ಗೋಡೆಗಳಿಗೆ ಸುಣ್ಣ ಬಳಿದು, ಒಲೆ ಹೂಡಿದರು. ಬೀರವ್ವನೂ ಸೊಸೆ ಶಟ್ಟೆವ್ವನನ್ನು ಕರೆದುಕೊಂಡು ಬಂದು ಒಲೆ ಹೂಡಿದಳು. ರೊಟ್ಟಿ ಬಡಿದಳು, ಪಲ್ಯ ಕುದಿಸಿದಳು. ಒಗ್ಗರಣೆ ಮಾತ್ರ ಹಾಕಲಿಲ್ಲ.

ಸಾವಾದ ಮನೆಯಲ್ಲಿ ಒಗ್ಗರಣೆ ಸಿಡಿಸಬಾರದೆಂಬುದು ಅವರ ಕುಲದ ರೂಢಿ. ದಿನಕರ್ಮ ಮುಗಿದ ಮೇಲೆ ಮನೆಯ ಹಿರಿಯ ಹೆಂಗಸೇ ಎಣ್ಣೆ ಕಾಯಿಸಿ ಸಾಸಿವೆ ಹಾಕಬೇಕು. ಹಾಕಿದರೆ ಸೂತಕ ಹೋಯಿತು. ಬೇರೆ ಯಾರೂ ಅವಳ ಪರವಾಗಿ ಹಾಕುವಂತಿಲ್ಲ. ಸೂತಕ ಹೋಗುವ ತನಕ ಹರೆಯದ ವಿಧವೆಯ ತವರಿನವರು ಉಡಿಕೆಯ ಮಾತು, ಅಂದರೆ ಮತ್ತೊಬ್ಬ ಗಂಡನಿಗೆ ಕೊಡುವ ಮಾತು ಎತ್ತುವಂತಿಲ್ಲ. ಇದನ್ನೇ ಬೀರವ್ವ ಗಟ್ಟಿಯಾಗಿ ಹಿಡಿದುಕೊಂಡಳು. ಕೆಲವೇ ದಿನಗಳಲ್ಲಿ ಮುಗಿಯಬೇಕಾದ ಸೂತಕವನ್ನು ಎಳೆಯುತ್ತ ಎಳೆಯುತ್ತ ಬಂದಳು. ಕೂಸು ಕುನ್ನಿ ಇಲ್ಲ. ಸೊಸೆಯೂ ಹೊರಟುಹೋದರೆ ಮಗ ಇದ್ದನೆಂಬುದಕ್ಕೆ ಆ ಮನೆಯಲ್ಲಿ ಏನು ಉಳಿಯುತ್ತದೆ?

ಊರವರು ಅದನ್ನು ದುಃಖವೆಂದುಕೊಂಡರು. ದುಃಖವಾಗಿದ್ದರೆ ಅತ್ತಾದರೂ ಅತ್ತಿರುತ್ತಿದ್ದಳು. ಬೀರವ್ವನಿಗೆ ಅಳು ಬಂದಿರಲಿಲ್ಲ. ಒಳಗೆಲ್ಲ ಜೋಮು ಹಿಡಿದಿತ್ತು. ಹಸಿವೆಯೆಂದು ಉಣ್ಣುತ್ತಿರಲಿಲ್ಲ, ಹೊತ್ತಾಯಿತೆಂದು ಉಣ್ಣುತ್ತಿದ್ದಳು. ಅವಳ ಎಣಗಾಯಿ, ಅವಳ ಹೆಸರುಕಾಳಿನ ಪಲ್ಯ, ಅವಳ ಗುರೆಳ್ಳು ಚಟ್ನಿ ಎಂದರೆ ಹಿಂದೆ ಓಣಿಯ ಹೆಂಗಸರಿಗೆ ಹೊಟ್ಟೆಕಿಚ್ಚು. ಈಗ ಏನು ಬೇಯಿಸಿದರೂ ಒಂದೇ: ಉಪ್ಪು ನೀರಿನಲ್ಲಿ ಕುದ್ದ ಸೊಪ್ಪು, ಉಪ್ಪು ನೀರಿನಲ್ಲಿ ಕುದ್ದ ಕಾಳು. ಶಟ್ಟೆವ್ವ ತಲೆ ತಗ್ಗಿಸಿ ಅದನ್ನೇ ಉಣ್ಣುತ್ತಿದ್ದಳು, ಒಂದು ದಿನವೂ ಬೇಡ ಅನ್ನಲಿಲ್ಲ.

ಪಕ್ಕದ ಮನೆಯ ಬಾಯವ್ವನ ನಾಲಿಗೆಗೆ ಲಗಾಮಿರಲಿಲ್ಲ. ಒಂದು ದಿನ ಮಡಕಿಕಾಳಿನ ಪಲ್ಯ ತಂದಿಟ್ಟು ಅಂದೇಬಿಟ್ಟಳು. "ಬೀರಕ್ಕಾ, ನೀ ಒಗ್ಗರಣಿ ಬಿಟ್ಟಿ ಅಂತ ಹೋದಾವ ಎದ್ದು ಬರತಾನೇನ? ಆ ಹುಡುಗಿ ಮಾರಿ ನೋಡಿಯೇನು? ಬಣ್ಣಾನ ಹೋಗೇತಿ."

"ನಿನ್ನ ಪಲ್ಯಾ ನೀನ ಉಣ್ಣು, ಹೋಗು," ಎಂದಳು ಬೀರವ್ವ. ಸಿಟ್ಟಿನಿಂದಲೂ ಅಲ್ಲ. ಸಿಟ್ಟು ಮಾಡುವಷ್ಟು ಕಸುವೂ ಅವಳಲ್ಲಿರಲಿಲ್ಲ.

ಹೀಗಿರುವಾಗ ಶಟ್ಟೆವ್ವನ ಅಪ್ಪ ಮುದಕಪ್ಪ ರಾಮದುರ್ಗದ ಕಡೆಯಿಂದ ಬಂಡಿ ಕಟ್ಟಿಕೊಂಡು ಬಂದ. ಮೆತ್ತಗಿನ ಮನುಷ್ಯ. ಬೀರವ್ವ ಕಾಲಿಗೆ ನೀರು ಕೊಟ್ಟಳು, ಕಂಬಳಿ ಹಾಸಿದಳು, ರೊಟ್ಟಿಯ ಮೇಲೆ ಒಗ್ಗರಣೆಯಿಲ್ಲದ ಪಲ್ಯ ನೀಡಿದಳು. ಬೀಗರು ಬಂದಾಗ ಇಂಥ ಊಟ ಹಾಕಿದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಅವನು ಉಂಡು ಕೈ ತೊಳೆದ.

"ಅಕ್ಕಾರ, ಸೂತಕ ಯಾವಾಗ ಕಳೀತೈತ್ರಿ?"

"ಕಳದಾಗ ಕಳೀತೈತ್ರಿ ಬೀಗರ."

ಅವನ ಬಾಯಲ್ಲಿ ಇನ್ನೊಂದು ಮಾತಿತ್ತು. ರೂಢಿಗೆ ಅಂಜಿ ನುಂಗಿಕೊಂಡ. "ಆತ್ರಿ. ನಾಳಿ ಮುಂಜಾನಿ ಹೋಗತೇನಿ," ಎಂದು ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತ.

ಗೆದ್ದೆನೆಂದು ಬೀರವ್ವನಿಗೆ ಅನ್ನಿಸಬೇಕಿತ್ತು. ಏನೂ ಅನ್ನಿಸಲಿಲ್ಲ. ಹಿತ್ತಲಿಂದ ಪುಂಡಿಸೊಪ್ಪು ಕಿತ್ತು ತಂದು ಸೊಸೆಯ ಮುಂದೆ ಹಾಕಿದಳು. ಇಬ್ಬರೂ ಎಲೆ ಬಿಡಿಸುತ್ತ ಕುಳಿತರು. ಕೇಳಬಾರದೆಂದುಕೊಂಡಿದ್ದ ಮಾತು ಬಾಯಿಂದ ಜಾರಿತು.

"ನಿನಗ ಹೋಗಬೇಕು ಅಂತ ಐತೇನು?"

"ಗೊತ್ತಿಲ್ರಿ ಅತ್ತಿ. ಹೋಗು ಅಂದ್ರ ಹೋಗತೇನಿ, ಇರು ಅಂದ್ರ ಇರತೇನಿ. ಎಲ್ಲಾ ಒಂದ ಆಗೇತಿ." ಇನ್ನೊಂದು ಕಡ್ಡಿಯ ಎಲೆ ಬಿಡಿಸಿ ಶಟ್ಟೆವ್ವ ತಾನೇ ಕೇಳಿದಳು. "ಅತ್ತೀ, ಅವರಿಗೆ ಯಾವ ಪಲ್ಯ ಭಾಳ ಸೇರತಿತ್ರಿ?"

ಬೀರವ್ವನ ಕೈ ನಿಂತಿತು. "ದಿನಾ ನೀನ ನೀಡತಿದ್ದೆಲ್ಲ?"

"ನೀಡತಿದ್ನಿ. ಒಂದು ಪಲ್ಯ ಮಾತ್ರ ಮತ್ತ ಮತ್ತ ಕೇಳಿ ಹಾಕಿಸ್ಕೋತಿದ್ರು. ಯಾವುದಂತ ನೆನಪಾಗವಲ್ದು. ಅಪ್ಪ ಬಂದಾಗಿಂದ ನೆನಸಾಕ ಹತ್ತೇನಿ." ಅವಳ ದನಿಯಲ್ಲಿ ಏರಿಲ್ಲ, ಇಳಿವಿಲ್ಲ. "ಅವರ ಮಾರಿ ಸುದ್ದಾ ಕಣ್ಣ ಮುಂದ ಬರವಲ್ದು."

ಪರಸಪ್ಪ ಮತ್ತೆ ಮತ್ತೆ ಕೇಳುತ್ತಿದ್ದ ಪಲ್ಯದ ಸೊಪ್ಪು ಅವಳ ಕೈಯಲ್ಲೇ ಇತ್ತು.

ಮಗನ ಗುರುತೆಂದು ಬೀರವ್ವ ಇಷ್ಟು ದಿನ ಕಾದುಕೊಂಡು ಕೂತಿದ್ದಳಲ್ಲ, ಆ ಗುರುತು ಅವಳ ಕಣ್ಣೆದುರೇ ಅಳಿಸಿಹೋಗುತ್ತಿತ್ತು. ಅಳಿಸುತ್ತಿದ್ದವಳು ಬೇರೆ ಯಾರೂ ಅಲ್ಲ. ದಿನಾ ಎರಡು ಹೊತ್ತು ಸಪ್ಪನೆಯ ಪಲ್ಯ ನೀಡಿ ನೀಡಿ ತಾನೇ ಅಳಿಸಿದ್ದಳು. ಇದು ಅವಳಿಗೆ ಥಟ್ಟನೆ ತಿಳಿಯಿತು. ತಿಳಿದರೂ ಎದೆಯಲ್ಲಿ ಏನೂ ಆಗಲಿಲ್ಲ, ಕೈಗೆ ಮಾತ್ರ ಕೆಲಸ ಬಂತು.

ಎದ್ದು ಒಲೆಗೆ ಕಟ್ಟಿಗೆ ತುಂಬಿದಳು. ಪುಂಡಿ ಎಲೆಯನ್ನು ಜೋಳದ ನುಚ್ಚು, ಬೇಳೆ, ಹಸಿ ಮೆಣಸಿನಕಾಯಿಗಳ ಜೊತೆ ಬೇಯಿಸಿ ಕಡಗೋಲಿನಿಂದ ಮಸೆದಳು. ನಾಗೊಂದಿಗೆಯ ಮೇಲೆ ಇಷ್ಟು ದಿನ ಮುಟ್ಟದೆ ಇಟ್ಟಿದ್ದ ಕುಸುಬಿ ಎಣ್ಣೆಯ ಗಿಂಡಿ ಇಳಿಸಿದಳು. ಬೆಳ್ಳುಳ್ಳಿಯನ್ನು ಕೈಗೆ ಬಂದಷ್ಟು ಜಜ್ಜಿದಳು. ಶಟ್ಟೆವ್ವ ಎಲೆಯ ಕಡ್ಡಿ ಹಿಡಿದುಕೊಂಡೇ ನೋಡುತ್ತಿದ್ದಳು.

ಸಾಸಿವೆ ಸಿಡಿಯಿತು. ಗೋಡೆಯ ಆಚೆ ಬಾಯವ್ವನ ಮಾತು ನಿಂತಿತು. ಕಟ್ಟೆಯ ಮೇಲಿದ್ದ ಮುದಕಪ್ಪ ಎದ್ದು ನಿಂತು, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕುಳಿತ.

ಬೀರವ್ವ ಬಿಸಿ ರೊಟ್ಟಿಯ ಮೇಲೆ ಪಲ್ಯ ಹಾಕಿ ಸೊಸೆಗೆ ಕೊಟ್ಟಳು. ಶಟ್ಟೆವ್ವ ಒಂದು ತುತ್ತು ಬಾಯಿಗಿಟ್ಟಳು. ಹುಳಿಯೂ ಖಾರವೂ ಒಟ್ಟಿಗೇ ನೆತ್ತಿಗೇರಿ ಕೆಮ್ಮು ಬಂತು.

"ಇದರಿ ಅತ್ತಿ! ಇದ!" ಎಂದಳು. "ಬೆಳ್ಳೊಳ್ಳಿ ಎಲ್ಲಾ ಮೊದಲ ಹೆಕ್ಕಿ ತಿಂದುಬಿಡತಿದ್ರು. ನನಗ ಒಂದೂ ಬಿಡತಿದ್ದಿಲ್ರಿ. ಕೇಳಿದ್ರ ನಗತಿದ್ರು." ಅಷ್ಟು ಹೇಳುವುದರೊಳಗೆ ಅಳು ನುಗ್ಗಿ ಬಂತು. ಗುಡಿಸಲಿನಲ್ಲಿ ಅಳದವಳು, ಮಣ್ಣು ಕೊಟ್ಟ ದಿನವೂ ಅಳದವಳು ಬಾಯಲ್ಲಿ ತುತ್ತಿಟ್ಟುಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು.

ಬೀರವ್ವನೂ ಒಂದು ತುತ್ತು ಮುರಿದು ತಿಂದಳು. ನಾಲಿಗೆಗೆ ಹುಳಿ ಹತ್ತಲಿಲ್ಲ, ಖಾರ ಹತ್ತಲಿಲ್ಲ. ಇನ್ನೊಂದು ತುತ್ತು ತಿಂದು ನೋಡಿದಳು. ತನ್ನ ಪಾಲಿನ ಅಳುವನ್ನೂ ಸೊಸೆಯೇ ಅಳುತ್ತಿದ್ದಾಳೆ ಅನ್ನಿಸಿತು. ಅಳಲಿ ಎಂದುಕೊಂಡು ಬೆನ್ನ ಮೇಲೆ ಕೈಯಿಟ್ಟು ಕುಳಿತಳು. ಆಮೇಲೆ ಎದ್ದು ಬಾಗಿಲಿಗೆ ಬಂದಳು.

"ಒಳಗ ಬರ್ರಿ ಬೀಗರ. ಮೊದಲಿನ ಊಟ ಊಟ ಅಲ್ಲ, ಈಗ ಉಣ್ಣಬರ್ರಿ. ನಾಳಿ ಮಗಳನ್ನ ಕರಕೊಂಡು ಹೋಗ್ರಿ."

ಮರುದಿನ ಮುಂಜಾನೆ ಬಂಡಿ ಸಜ್ಜಾಯಿತು. ಶಟ್ಟೆವ್ವ ಅತ್ತೆಯ ಕಾಲಿಗೆ ಬಿದ್ದಳು. ಬೀರವ್ವ ಅವಳನ್ನು ಎಬ್ಬಿಸಿ, ಗಾಲಿಯ ಮರೆಗೆ ಕರೆದು, ಮುದಕಪ್ಪನಿಗೆ ಕೇಳಿಸದಂತೆ ಹೇಳಿದಳು.

"ಹೊಸ ಮನ್ಯಾಗ ಪುಂಡಿಪಲ್ಯ ಮಾಡು. ಬಿಡಬ್ಯಾಡ. ಆದ್ರ, ಇಷ್ಟು ರುಚಿಯಾಗಿ ಮಾಡೂದು ಎಲ್ಲಿ ಕಲ್ತಿ ಅಂತ ಅವರು ಕೇಳತಾರ. ಆವಾಗ ನನ್ನ ಹೆಸರು ತಗೀಬ್ಯಾಡ, ನನ್ನ ಮಗನ ಹೆಸರೂ ತಗೀಬ್ಯಾಡ; ಹಳೇ ಗಂಡನ ಮನಿದು ಅಂದ್ರ ಮಾಡಾಕ ಬಿಡೂದಿಲ್ಲ. ತವರಮನ್ಯಾಗ ಕಲ್ತೇನಿ ಅಂತ ಹೇಳು."

ಶಟ್ಟೆವ್ವ ಹೂಂ ಅಂದು ಬಂಡಿ ಹತ್ತಿದಳು.