ವರ್ಲಿನ್ನನ ಹಸಿರು ಷೆವರ್ಲೆ

ಬೇಕರ್ಸ್‌ಫೀಲ್ಡಿನ ನಮ್ಮ ಕಾರ್ ಕ್ಲಬ್ಬಿನಲ್ಲಿ ಹಳೆಯ ಕಾರನ್ನು ಕೊಯ್ದು, ತಗ್ಗಿಸಿ, ಬೇಕಾದಂತೆ ಕಟ್ಟಿಕೊಳ್ಳಬಹುದು. ಆದರೆ ಅದು ೧೯೫೪ರೊಳಗೆ ಕಟ್ಟಿದ ಹಾಗೆಯೇ ಕಾಣಬೇಕು. ಈ ನಿಯಮ ಕಾಯುವವನು ಥರ್ಮನ್ ಬೆಲ್. ಅವನು ಹುಟ್ಟಿದ್ದು ೧೯೬೧ರಲ್ಲಿ. ಆದರೂ ಆ ಕಾಲದಲ್ಲಿ ಬದುಕಿದವರನ್ನೇ ತಿದ್ದುತ್ತಿದ್ದ. ನನ್ನ ಅಪ್ಪ ಆಗ ಓಡಿಸುತ್ತಿದ್ದ ಕಾರಿನ ಬಣ್ಣ ನಾನು ಹೇಳಿದರೆ, "ನಿಮ್ಮಪ್ಪಂಗೆ ಮರ್ತೋಗಿರ್ಬೇಕು" ಎಂದಿದ್ದ.

ವರ್ಲಿನ್ ಪ್ರೂಯಿಟ್ ನನ್ನ ಪಕ್ಕದ ಮನೆಯವನು. ಎಣ್ಣೆ ಬಾವಿಗಳಲ್ಲಿ ವೆಲ್ಡರ್ ಆಗಿದ್ದು ನಿವೃತ್ತನಾದವನು. ಎರಡು ವರ್ಷ ಗ್ಯಾರೇಜಿನಲ್ಲೇ ಕಳೆದು ೧೯೪೯ರ ಷೆವರ್ಲೆ ಕಾರೊಂದನ್ನು ಕಟ್ಟಿದ. ಟಾಪನ್ನು ನಾಲ್ಕು ಇಂಚು ಕೊಯ್ದು ತಗ್ಗಿಸಿದ. ಅಲ್ಲಿಯವರೆಗೆ ಸರಿಯಿತ್ತು. ಆಮೇಲೆ ಎಳೆ ಬಟಾಣಿಯ ಹಸಿರು ಬಳಿದು, ಅಡುಗೆಮನೆಯ ಡ್ರಾಯರುಗಳ ಹಿಡಿಕೆಗಳನ್ನು ಬಿಚ್ಚಿ ಮುಂದಿನ ಗ್ರಿಲ್ಲಿಗೆ ಹಲ್ಲುಗಳಂತೆ ಸಾಲಾಗಿ ಬೆಸೆದ. ಅಂದಿನಿಂದ ಅವನ ಹೆಂಡತಿ ನೆಡ್ರಾ ಡ್ರಾಯರುಗಳನ್ನು ಚಮಚದಿಂದ ಮೀಟಿ ತೆಗೆಯುತ್ತಿದ್ದಳು.

ಮೇ ತಿಂಗಳ ಪ್ರದರ್ಶನದ ಗೇಟಿನಲ್ಲಿ ಥರ್ಮನ್ ಬಗ್ಗಿ ನೋಡಿದ.

"ಏನಿದು?"

"ಹಿಡಿಕೆ. ನಂಗಿಷ್ಟ ಆಯ್ತು, ಹಾಕ್ದೆ."

"ನಿಂಗಿಷ್ಟ ಆಗೋದು ಬೇರೆ, ಸರಿ ಇರೋದು ಬೇರೆ. ಆ ಕಾಲ್ದಲ್ಲಿ ಯಾವನೂ ಹಿಂಗ್ ಮಾಡ್ತಿರ್ಲಿಲ್ಲ."

"ಆಗಿನೋರಿಗೂ ಇಷ್ಟ ಅಂತ ಒಂದಿತ್ತಲ್ಲಪ್ಪ."

"ಇತ್ತು. ಎಷ್ಟಿರ್ಬೇಕೋ ಅಷ್ಟೇ ಇತ್ತು" ಎಂದ ಥರ್ಮನ್, ಕಾರನ್ನು ಪ್ರೇಕ್ಷಕರ ಪಾರ್ಕಿಂಗಿಗೆ ಕಳಿಸಿದ.

ವರ್ಲಿನ್ ವಾರಗಟ್ಟಲೆ ಮುಖ ಊದಿಸಿಕೊಂಡಿದ್ದ. ಅವನನ್ನು ನಗಿಸಲೆಂದು ನೆಡ್ರಾ ತನ್ನ ಅಜ್ಜಿಯ ಚುಕ್ಕಿ ಫ್ರಾಕು ತೊಟ್ಟು, ಅಜ್ಜಿಯ ಹಳೇ ಮನೆಯ ಮುಂದೆ ಕಾರಿಗೊರಗಿ ನಿಂತಳು. ಅಜ್ಜಿಯದೇ ಡಬ್ಬಿ ಕ್ಯಾಮೆರಾದಲ್ಲಿ ನಾನೇ ಕಪ್ಪು-ಬಿಳುಪು ಫೋಟೋ ತೆಗೆದೆ. ಅದನ್ನು ಅವರು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡರು.

ಆಗಸ್ಟಿನಲ್ಲಿ ಎಂಜಿನ್ ಎತ್ತುವ ಸರಪಳಿ ಕೇಳಲು ಬಂದ ಥರ್ಮನ್ ಆ ಫೋಟೋ ನೋಡಿ ಟೋಪಿ ತೆಗೆದ.

"ಐವತ್ತೆರಡು. ಹೆಚ್ಚಂದ್ರೆ ಐವತ್ಮೂರು. ಎಲ್ಲಿ ತೆಗ್ದಿದ್ದು?"

"ನೆಡ್ರಾ ಅಜ್ಜಿ ಮನೆ ಹತ್ರ" ಎಂದ ವರ್ಲಿನ್.

"ಇವ್ರೇನಾ ಅಜ್ಜಿ?"

"ಫ್ರಾಕು ಅಜ್ಜೀದೇ" ಎಂದಳು ನೆಡ್ರಾ.

"ಅಂದ್ರೆ ಗ್ಯಾರೇಜಲ್ಲಿರೋದು ಇದೇ ಕಾರು."

"ಅದೇ."

ಥರ್ಮನ್ನನ ಕಣ್ಣಲ್ಲಿ ನೀರಾಡಿತು. "ಬಣ್ಣ ನೋಡು, ಎಂಥಾ ಹಸಿರು" ಎಂದ, ಕಪ್ಪು-ಬಿಳುಪು ಫೋಟೋ ನೋಡುತ್ತ. ವರ್ಲಿನ್ ತಿದ್ದಬಹುದಿತ್ತು. ಆದರೆ ಗೇಟಿನ ಅವಮಾನ ಇನ್ನೂ ಆರಿರಲಿಲ್ಲ.

ಆ ಫೋಟೋ ನಮ್ಮ ಕ್ಲಬ್ಬಿನ ಪತ್ರಿಕೆಯ ಮುಖಪುಟಕ್ಕೆ ಬಂತು. ವಸಂತದ ಹೊತ್ತಿಗೆ ಊರಲ್ಲಿ ನಾಲ್ಕು ಹಸಿರು ಕಾರುಗಳಾದವು. ಅಂಗಡಿಗಳಲ್ಲಿ ಹಿಡಿಕೆ ಸಿಗದಾಯಿತು. ಮುಂದಿನ ಪ್ರದರ್ಶನದಲ್ಲಿ ವರ್ಲಿನ್ನನ ಕಾರನ್ನು ನಟ್ಟನಡುವೆ ರತ್ನಗಂಬಳಿ ಹಾಸಿ ನಿಲ್ಲಿಸಿ, ಸುತ್ತ ಹಗ್ಗ ಕಟ್ಟಿದರು.

ಒಂದು ತಿಂಗಳು ವರ್ಲಿನ್ ಮೀಸೆ ತಿರುವಿಕೊಂಡು ಓಡಾಡಿದ. ಆಮೇಲೆ ಹಸಿರು ಸಾಕಾಯಿತು. ಮೆರೂನ್ ಹೊಡೆಯುತ್ತೇನೆಂದು ಯಾರೊಂದಿಗೋ ಅಂದನಂತೆ. ಥರ್ಮನ್ ಓಡೋಡಿ ಬಂದ.

"ನಿಂಗಾ ಹಕ್ಕಿಲ್ಲ."

"ನನ್ ಕಾರು ಮಾರಾಯ. ನಾನೇ ಕಟ್ಟಿದ್ದು. ಹೋದ್ವರ್ಷ ನೀನೇ ಗೇಟಿಂದ ಓಡ್ಸಿದ್ಯಲ್ಲ."

"ಆಗ ಅದು ಏನಂತ ನಂಗೊತ್ತಿರ್ಲಿಲ್ಲ."

ವರ್ಲಿನ್ ಎಲ್ಲವನ್ನೂ ಹೇಳಿಬಿಟ್ಟ. ಫೋಟೋ ತೆಗೆದದ್ದು ನಾನೆಂದು ನಾನೂ ಒಪ್ಪಿಕೊಂಡೆ. ನೆಡ್ರಾ ಮತ್ತೆ ಅದೇ ಫ್ರಾಕು ತೊಟ್ಟು ಕಾರಿಗೊರಗಿ ನಿಂತಳು. ಥರ್ಮನ್ ಅವಳನ್ನೂ ಫೋಟೋವನ್ನೂ ಹಲವು ಸಲ ನೋಡಿದ.

"ಅಜ್ಜಿ ಇನ್ನೊಂಚೂರು ಎತ್ತರ ಇದ್ರು" ಎಂದ.

ವರ್ಲಿನ್ ಅವನನ್ನು ಅಡುಗೆಮನೆಗೆ ಎಳೆದೊಯ್ದು ಡ್ರಾಯರಿನ ತೂತುಗಳನ್ನು ತೋರಿಸಿದ.

"ಕಾರಿಗೆ ಬೇಕಂತ ಯಾರೋ ಬಿಚ್ಚಿದಾರೆ" ಎಂದ ಥರ್ಮನ್.

"ಅದನ್ನೇ ತಾನೆ ನಾನು ಬಡ್ಕೋತಿರೋದು?"

"ನೋಡು, ನೀನೇ ಒಪ್ಕೊಂಡೆ."

ಆ ವಾರವೇ ವರ್ಲಿನ್ ಮೆರೂನ್ ಹೊಡೆದ. ಕ್ಲಬ್ಬು ಅವನ ಹೆಸರು ಕಿತ್ತುಹಾಕಿತು. ಪತ್ರಿಕೆಯಲ್ಲಿ ಕಪ್ಪು ಚೌಕಟ್ಟಿನೊಳಗೆ ಅರ್ಧ ಪುಟದ ಶ್ರದ್ಧಾಂಜಲಿ ಬಂತು: ೧೯೫೨ರಲ್ಲಿ ಕಟ್ಟಿದ ಅಪೂರ್ವ ಕಾರೊಂದು ಕೊನೆಯ ಮಾಲೀಕನ ಅಜ್ಞಾನದಿಂದ ನಾಶವಾಯಿತು, ಅದನ್ನು ಕಟ್ಟಿದವನಂಥ ಅಭಿರುಚಿಯ ಮನುಷ್ಯರು ಈಗ ಹುಟ್ಟುವುದಿಲ್ಲ.

ಮೆರೂನ್ ಕಾರಿನಲ್ಲಿ ಕೂತು ಟಾಕೊ ತಿನ್ನುತ್ತಿದ್ದ ವರ್ಲಿನ್ನನಿಗೆ ನಾನದನ್ನು ಓದಿ ಹೇಳಿದೆ. ಅವನು ಅಗಿಯುವುದನ್ನು ನಿಲ್ಲಿಸಿ ಕೊನೆಯವರೆಗೂ ಕೇಳಿದ.

"ಛೆ" ಎಂದ. "ಒಳ್ಳೇ ಕಾರು ಅನ್ಸತ್ತೆ."