ಎರಡು ಗೇಣು ಇಳಿದ ಮೊಳೆ

ಹೊಲಿಗೆ ಯಂತ್ರ ರಿಪೇರಿ ಮಾಡುವ ಆ ಅಂಗಡಿಗೆ ಹೊಸಬರು ಯಾರೇ ಬಂದರೂ ಬಾಗಿಲಲ್ಲಿ ನಿಂತು, ಒಳಗಿದ್ದ ಮೂವರು ಹೆಂಗಸರ ತಲೆಯ ಮೇಲಿಂದ ದೃಷ್ಟಿ ಹಾಯಿಸಿ, "ಮೇಸ್ತ್ರಿ ಇಲ್ವಾ?" ಎಂದು ಕೇಳುವುದು ವಾಡಿಕೆ. ಆಗ ನಡುವಿನ ಮೇಜಿನವಳು ಸ್ಕ್ರೂಡ್ರೈವರ್ ಕೆಳಗಿಡದೆ, ಕಣ್ಣನ್ನೂ ಎತ್ತದೆ, "ಇದ್ದಾರೆ. ನಿಮ್ಮ ಜೊತೆ ಮಾತಾಡ್ತಾ ಇದ್ದಾರೆ, ಹೇಳಿ" ಎನ್ನುತ್ತಿದ್ದಳು. ಹದಿನೆಂಟು ವರ್ಷದಿಂದ ಇದೇ ಪ್ರಶ್ನೆ, ಇದೇ ಉತ್ತರ. ಕೊನೆಗೆ ಮೇಸ್ತ್ರಿ ಎಂಬುದೇ ಅವಳ ಹೆಸರಾಯಿತು. ಹೆತ್ತ ತಾಯಿ ಕೂಡ ಕೋಪ ಬಂದಾಗ "ಏನಮ್ಮಾ ಮೇಸ್ತ್ರಿ" ಎಂದೇ ಶುರುಮಾಡುತ್ತಿದ್ದಳು.

ಬಲಗಡೆಯ ಮೇಜಿನವಳು ಸೂಜಿ. ಯಂತ್ರದ ಸೂಜಿಯನ್ನೂ ಕೆಳಗೆ ದಾರ ಹಿಡಿಯುವ ಕೊಕ್ಕೆಯನ್ನೂ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಕೂಡಿಸುವ ಕೆಲಸ ಅವಳದು. ಆಳು ತೆಳ್ಳಗೆ, ಮಾತು ಚುಚ್ಚುವಂಥದ್ದು. ಅಂಗಡಿ ತೆರೆದ ದಿನದಿಂದ ಪಾಲುದಾರಳು, ಅದಕ್ಕೂ ಏಳು ವರ್ಷ ಮೊದಲಿಂದ ಗೆಳತಿ. ಎಡಗಡೆಯವಳು ಚಿಕ್ಕಮ್ಮ. ಅವಳ ಅಕ್ಕನ ಮಕ್ಕಳು ಅವಳಿಗಿಂತ ದೊಡ್ಡವರಾದ್ದರಿಂದ ಹುಟ್ಟುತ್ತಲೇ ಚಿಕ್ಕಮ್ಮ. ಎತ್ತರ ನಾಲ್ಕೂವರೆ ಅಡಿಯಾದ್ದರಿಂದ ಆ ಹೆಸರು ಆಮೇಲೂ ಬಿಡಲಿಲ್ಲ. ಹತ್ತು ವರ್ಷ ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿದು ಹೊಲಿದು ಸಾಕಾಗಿ, "ಇನ್ಮೇಲೆ ಯಂತ್ರ ನನ್ ಮಾತು ಕೇಳ್ಬೇಕು" ಎಂದು ರಿಪೇರಿ ಕಲಿಯಲು ಬಂದವಳು.

ಮೇಸ್ತ್ರಿಗೆ ತತ್ವಗಳಿದ್ದವು. ಸುಮ್ಮನೆ ಇದ್ದವು ಎಂದರೆ ಸಾಲದು, ಮೂರು ಹೊತ್ತೂ ಇದ್ದವು. ಟೀ ಮಾಡುವುದು ಸರದಿಯ ಮೇಲೆ. ಉಣ್ಣುವಾಗ ಗಿರಾಕಿ ಬಂದರೆ ಗಿರಾಕಿಯೇ ಕಾಯಬೇಕು. ಹೊಟ್ಟೆನೋವಿನ ದಿನಗಳಲ್ಲಿ ಯಾರನ್ನೂ ಕೇಳದೆ ಹಿಂದಿನ ಕೋಣೆಯ ಬೆಂಚಿನ ಮೇಲೆ ಹೋಗಿ ಮಲಗಬೇಕು. "ವಾರಕ್ಕೊಂದ್ಸಲ ಯಂತ್ರಕ್ಕೆ ಎಣ್ಣೆ ಬಿಡಿ ಅಂತ ಊರಿಗೆಲ್ಲ ಹೇಳ್ತೀವಿ. ನಮ್ಮ ಮೈ ಯಂತ್ರಕ್ಕಿಂತ ಕಡಿಮೇನಾ?" ಎಂದು ಅವಳು ಹಿಡಿದುಕೊಂಡರೆ ಲೋಟದ ಟೀ ಆರುವವರೆಗೆ ಬಿಡುತ್ತಿರಲಿಲ್ಲ. ಒಳ್ಳೆಯ ನಿಯಮಗಳೇ, ಅಲ್ಲವೆನ್ನುವಂತಿಲ್ಲ. ಆದರೆ ಆ ಬೆಂಚಿನ ಮೇಲೆ ಮೇಸ್ತ್ರಿ ಮಲಗಿದ್ದನ್ನು ಮಾತ್ರ ಅದರ ಕೆಳಗಿನ ಇರುವೆಯೂ ಕಂಡಿರಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಇಂಥವಳ ಬಲದೋಳು ಒಂದು ಬೆಳಿಗ್ಗೆ ಮುಷ್ಕರ ಹೂಡಿತು. ಹಿಂದಿನ ಕೋಣೆಯಲ್ಲಿ ಏಪ್ರನ್ ನೇತುಹಾಕುವ ಮೊಳೆಗೆ ಕೈ ಚಾಚಿದರೆ ತೋಳು ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಒತ್ತಾಯ ಮಾಡಿದ್ದಕ್ಕೆ ಕಣ್ಣಲ್ಲಿ ನೀರು ಬಂತು. ವಾರೆಯಾಗಿ ಮಲಗಿರಬೇಕು ಅಂದುಕೊಂಡಳು. ಹದಿನೈದು ದಿನವೂ ವಾರೆಯಾಗಿಯೇ ಮಲಗಿದ್ದೇನೆ ಎಂದು ತನ್ನನ್ನೇ ನಂಬಿಸುವುದು ಕಷ್ಟವಾದಾಗ ಅವಳಿಗೆ ಹೆದರಿಕೆಯಾಯಿತು. "ಹೆಂಗಸ್ರ ಕೈಲಿ ಇದೆಲ್ಲ ಆಗುತ್ತಾ?" ಎಂದವರ ಎದುರಿಗೇ ಕಬ್ಬಿಣದ ಯಂತ್ರವನ್ನು ಒಬ್ಬಳೇ ಎತ್ತಿ ಮೇಜಿಗಿಟ್ಟು ಬಾಯಿ ಮುಚ್ಚಿಸಿದ್ದು ಇದೇ ತೋಳು. ಇದೇ ಹೋದರೆ ಉಳಿಯುವುದೇನು, ಬರೀ ಬಾಯಿ. ನೆರವು ಕೇಳಿದ ದಿನ ಮೇಸ್ತ್ರಿ ಎಂಬ ಹೆಸರು ಹೋಗುತ್ತದೆ, ಹಳೇ ಹೆಸರು ಯಾರಿಗೂ ನೆನಪಿಲ್ಲ ಎಂದು ಅವಳಿಗೆ ಅನ್ನಿಸಿತು. ಮೀಸೆ ಇಲ್ಲದಿದ್ದರೂ ಮೀಸೆ ಮಣ್ಣಾಗುವ ಭಯ.

ಹಾಗಾಗಿ ಅವಳು ತೋಳಿನ ವಿಷಯ ಯಾರಿಗೂ ಹೇಳಲಿಲ್ಲ. ಬದಲಿಗೆ ಒಂದು ಭಾಷಣ ಮಾಡಿದಳು.

"ಈ ಮೊಳೆ ಯಾರ ಎತ್ತರಕ್ಕೆ ಹೊಡೆದಿರೋದು? ಕಟ್ಟಡ ಕಟ್ಟಿದ ಗಂಡಸಿನ ಎತ್ತರಕ್ಕೆ! ಚಿಕ್ಕಮ್ಮ ದಿನಾ ಸ್ಟೂಲ್ ಹತ್ತಿ ಏಪ್ರನ್ ತೆಗೀತಾಳೆ. ಹದಿನೆಂಟು ವರ್ಷ ಇದು ನಮ್ಮ ಕಣ್ಣಿಗೇ ಬೀಳ್ಲಿಲ್ವಲ್ಲ!"

ಸೂಜಿ ಸುತ್ತಿಗೆ ಹಿಡಿದಳು. ಮೊಳೆ ಎರಡು ಗೇಣು ಕೆಳಗಿಳಿಯಿತು. ಹಳೇ ಜಾಗದಲ್ಲಿ ಒಂದು ತೂತು ಉಳಿಯಿತು. ಚಿಕ್ಕಮ್ಮ ಮುಖ ಆ ಕಡೆ ತಿರುಗಿಸಿ ಮೂಗು ಒರೆಸಿಕೊಂಡಳು. ಅವಳಿಗೋಸ್ಕರ ಯಾರೂ ಯಾವತ್ತೂ ಒಂದು ಮೊಳೆ ಇಳಿಸಿರಲಿಲ್ಲ.

ಮುಂದಿನ ವಾರ ಎರಡನೇ ತತ್ವ. "ಒಬ್ಬರೇ ಭಾರ ಎತ್ತೋದು ಬರೀ ಜಂಬ. ಇನ್ಮೇಲೆ ಯಾವ ಯಂತ್ರ ಆದ್ರೂ ಇಬ್ಬರು ಸೇರಿ ಎತ್ತೋದು." ತಿಂಗಳೊಳಗೆ ಸೂಜಿಯ ಹಳೇ ಸೊಂಟನೋವು ಹೇಳದೆ ಕೇಳದೆ ಮಾಯವಾಯಿತು. ಕಳ್ಳನಿಗೊಂದು ಪಿಳ್ಳೆ ನೆವ ಅನ್ನುತ್ತಾರೆ. ಇಲ್ಲಿ ನೆವಗಳು ಕಳ್ಳಿಗಿಂತ ಯೋಗ್ಯವಾಗಿದ್ದವು.

ಆಮೇಲೆ ಬಂದದ್ದು ಜಡೆಯ ಸರದಿ. ಸೊಂಟ ಮುಟ್ಟುವ ಜಡೆಯನ್ನು ಒಂದೇ ಕೈಯಲ್ಲಿ ಹೆಣೆಯುವ ವಿದ್ಯೆ ಯಾರಿಗೂ ಗೊತ್ತಿಲ್ಲ. ಎಂಟು ದಿನ ಎಡಗೈಯಲ್ಲಿ ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಪೊರಕೆಯ ಹಾಗೆ ತಿರುಗಾಡಿದಳು. ಒಂಬತ್ತನೇ ದಿನ ಸಲೂನಿಗೆ ಹೋಗಿ ಕುತ್ತಿಗೆಯವರೆಗೆ ಕತ್ತರಿಸಿಕೊಂಡು ಬಂದಳು. "ಜಡೆ ಅಂದ್ರೇನು? ಬೆನ್ನಿಗೆ ಕಟ್ಟಿದ ಹಗ್ಗ. ದಿನಾ ಇಪ್ಪತ್ತು ನಿಮಿಷ ಯಾರಿಗೋಸ್ಕರ ಹೆಣೀತೀವಿ ಅಂತ ಒಂದ್ಸಲ ಕೇಳ್ಕೊಳ್ಳಿ!" ಮನೆಯಲ್ಲಿ ತಾಯಿ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಆ ಎರಡು ದಿನದ್ದನ್ನೂ ಸೇರಿಸಿ ಆಡಿದಳು.

ಸೂಜಿ ಗೆಳತಿಯ ಪರವಾಗಿ ಇಡೀ ಬೀದಿಯ ಜೊತೆ ಜಗಳಕ್ಕೆ ನಿಂತಳು. "ನಿನ್ ಗೆಳತಿಗೆ ತಲೆ ಕೆಟ್ಟಿದ್ಯಾ?" ಎಂದ ಸ್ವಂತ ಅಕ್ಕನ ಮನೆಗೆ ಹೋಗುವುದನ್ನೇ ಬಿಟ್ಟಳು. ಚಿಕ್ಕಮ್ಮ ಒಂದು ಹೆಜ್ಜೆ ಮುಂದೆ ಹೋದಳು. ಸೋಮವಾರ ಬೆಳಿಗ್ಗೆ ತಾನೂ ಕುತ್ತಿಗೆಯವರೆಗೆ ಕತ್ತರಿಸಿಕೊಂಡು ಬಂದು ನಿಂತು, "ಅತ್ತೆ ಊಟ ಬಿಟ್ಟಿದ್ದಾರೆ" ಎಂದು ಹೆಮ್ಮೆಯಿಂದ ಸಾರಿದಳು.

ಮೇಸ್ತ್ರಿ ಅವತ್ತೇ ನಿಜ ಹೇಳಬಹುದಿತ್ತು. ಬಾಯಿ ತೆರೆದಳು ಕೂಡ. ಚಿಕ್ಕಮ್ಮನ ಮುಖದ ಕಳೆ ನೋಡಿ "ಶಭಾಷ್" ಎಂದಷ್ಟೇ ಹೊರಬಂತು, ಆ ರಾತ್ರಿ ಊಟ ಅವಳಿಗೂ ಸೇರಲಿಲ್ಲ.

ಸುಳ್ಳು ಹೇಳಿದವಳನ್ನು ಹಿಡಿಯುವುದಕ್ಕೆ ಪೊಲೀಸರೇ ಬರಬೇಕಾಗಿಲ್ಲ, ಒಂದು ಅಂಗಿ ಸಾಕು. ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಎಣ್ಣೆ ಡಬ್ಬಿ ಮೇಸ್ತ್ರಿಯ ಮೈಮೇಲೆ ಮಗುಚಿತು. ಅಷ್ಟು ದಿನ ಅವಳು ಮುಂದೆ ಗುಂಡಿ ಇರುವ ಅಂಗಿಗಳನ್ನೇ ತೊಡುತ್ತಿದ್ದಳು (ಅದಕ್ಕೂ ಒಂದು ತತ್ವವಿತ್ತು, ಬಿಡಿ). ಹಿಂದಿನ ಕೋಣೆಯಲ್ಲಿ ಬದಲಿಗೆ ಸಿಕ್ಕಿದ್ದು ಸೂಜಿಯದೊಂದು ಅಂಗಿ, ತಲೆಯ ಮೇಲಿಂದ ತೊಡುವಂಥದ್ದು. ತಲೆ ತೂರಿಸಿದಳು, ಎಡಗೈ ಹೋಯಿತು, ಬಲಗೈ ಅರ್ಧ ದಾರಿಯಲ್ಲಿ ಕೂತುಬಿಟ್ಟಿತು. ಮುಂದೆ ಹೋಗದು, ಹಿಂದೆ ಬಾರದು. ಮುಖ ಬಟ್ಟೆಯೊಳಗೆ, ಹೊಟ್ಟೆ ಬೆಳಕಿಗೆ. ಅದೇ ಹೊತ್ತಿಗೆ ಮುಂದಿನಿಂದ ಹೊಸ ಗಿರಾಕಿಯ ದನಿ ಕೇಳಿತು.

"ಮೇಸ್ತ್ರಿ ಇಲ್ವಾ?"

"ಇದ್ದಾರೆ. ಕೂತ್ಕೊಳ್ಳಿ, ಈಗ ಬರ್ತಾರೆ" ಎಂದಳು ಚಿಕ್ಕಮ್ಮ.

ಮೇಸ್ತ್ರಿ ಇದ್ದದ್ದೇನೋ ನಿಜ. ಕತ್ತಲಲ್ಲಿ, ಸೂಜಿಯ ಸೋಪಿನ ವಾಸನೆಯೊಳಗೆ, ಒಂದು ಕೈ ಮೇಲೆ ಮಾಡಿಕೊಂಡು ನಿಂತಿದ್ದಳು. ‘ಕೂಗಿ, ಕೇಳಿ, ನಾಚ್ಕೋಬೇಡಿ’ ಎಂದು ಎಷ್ಟು ಜನ ಹೆಂಗಸರಿಗೆ ಹೇಳಿಲ್ಲ! ಈಗ ತನ್ನ ಗಂಟಲಿಂದ ಒಂದು ಹೆಸರು ಹೊರಡಿಸುವುದಕ್ಕೆ ಅವಳಿಗೆ ಹತ್ತು ನಿಮಿಷ ಬೇಕಾಯಿತು.

"ಸೂಜೀ…"

ಸೂಜಿ ಬಂದಳು, ನೋಡಿದಳು, ಬೆಂಚಿನ ಮೇಲೆ ಕೂತು ಬಾಯಿಗೆ ಕೈಯಿಟ್ಟು ಮನಸಾರೆ ನಕ್ಕಳು. ಆಮೇಲೆ ಎದ್ದು ತೋಳು ಹಿಡಿದು ಎಳೆದಳು. ಮೇಸ್ತ್ರಿ ಕಿರುಚಿದ ರೀತಿಗೆ ನಗು ನಿಂತಿತು. ಸೂಜಿ ಅಂಗಿಯನ್ನು ಇಷ್ಟಿಷ್ಟೇ ಬಿಡಿಸಿದಳು. ಮೊಣಕೈ ಹಿಡಿದು, ಯಂತ್ರದ ಸಡಿಲ ನೋಡುವ ಹಾಗೆ ಮೆಲ್ಲಗೆ ಎತ್ತಿ, ಎಲ್ಲಿ ನಿಲ್ಲುತ್ತದೆಂದು ನೋಡಿದಳು. ಆಮೇಲೆ ಗೋಡೆಯ ಮೊಳೆ ನೋಡಿದಳು. ಗೆಳತಿಯ ತಲೆ ನೋಡಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಲಿಲ್ಲ.

"ಮೊಳೆ?"

"ಹೂಂ."

"ಇಬ್ಬರು ಎತ್ತೋದು?"

"ಹೂಂ."

"ಜಡೆ?"

ಮೇಸ್ತ್ರಿ ನೆಲ ನೋಡಿದಳು.

"ಕುಣಿಯೋಕೆ ಬರ್ದೆ ಇರೋಳು ನೆಲ ಡೊಂಕು ಅಂದ್ಲಂತೆ. ನೀನು ಅಷ್ಟಕ್ಕೇ ಬಿಡ್ಲಿಲ್ಲ, ನಮ್ಮೆಲ್ಲರ ಕೈಲೂ ನೆಲ ಅಗೆಸ್ಬಿಟ್ಟೆ!" ಸೂಜಿಯ ದನಿ ನಡುವೆಯೇ ಒಡೆಯಿತು. "ಮೂರು ತಿಂಗಳಿಂದ ಅಕ್ಕನ ಮನೆಗೆ ಹೋಗಿಲ್ಲ ನಾನು, ನಿನ್ ಜಡೆಗೋಸ್ಕರ. ಕೈ ನೋಯ್ತಿದೆ ಅಂದಿದ್ರೆ ದಿನಾ ಬೆಳಿಗ್ಗೆ ಬಂದು ನಾನೇ ಹೆಣೀತಿದ್ನಲ್ಲೇ."

"ಕೇಳೋಕೆ ನಾಚಿಕೆ ಆಯ್ತು."

"ನನ್ನ ಹತ್ರಾನಾ?"

ಸೂಜಿ ಕಣ್ಣೊರೆಸಿಕೊಂಡು, "ಚಿಕ್ಕಮ್ಮಂಗೆ ನೀನೇ ಹೇಳು. ಹೇಳೋವರೆಗೂ ನನ್ನ ಜೊತೆ ಮಾತು ಬೇಡ" ಎಂದು ಗಿರಾಕಿಯನ್ನು ನೋಡಲು ಹೋದಳು.

ಅವತ್ತಿನಿಂದ ಸೂಜಿಯ ಮಾತೆಲ್ಲ ಚಿಕ್ಕಮ್ಮನ ಮುಖಾಂತರ. "ಚಿಕ್ಕಮ್ಮ, ಆ ಸಣ್ಣ ಸ್ಪ್ಯಾನರ್ ಬೇಕಿತ್ತು, ಅವರನ್ನ ಕೇಳು." ಎರಡು ಮೊಳ ದೂರದಲ್ಲಿ ಕೂತ ಮೇಸ್ತ್ರಿ ಸ್ಪ್ಯಾನರ್ ಚಾಚುತ್ತಿದ್ದಳು, ಸೂಜಿ ಚಿಕ್ಕಮ್ಮನ ಕೈಯಿಂದ ಬರಲಿ ಎಂದು ಕಾಯುತ್ತಿದ್ದಳು. ಬೈದಿದ್ದರೆ ಮೇಸ್ತ್ರಿ ತಡೆದುಕೊಳ್ಳುತ್ತಿದ್ದಳು. ಇಪ್ಪತ್ತೈದು ವರ್ಷದ ‘ನೀನು’ ಒಂದೇ ಮಧ್ಯಾಹ್ನದಲ್ಲಿ ‘ಅವರು’ ಆದದ್ದು ಭುಜಕ್ಕಿಂತ ಹೆಚ್ಚು ನೋಯುತ್ತಿತ್ತು. ತೋಳು ಹೋದರೂ ಎಡಗೈಯಲ್ಲಿ ಬದುಕಬಹುದು, ಇವಳು ಹೋದರೆ ಪಕ್ಕದ ಮೇಜಿಗೆ ಯಾರನ್ನು ತಂದು ಕೂರಿಸುವುದು?

ಮೂರು ದಿನ ಪ್ರಯತ್ನಪಟ್ಟಳು. "ಚಿಕ್ಕಮ್ಮ, ಹೆಂಗಸರ ಬದುಕಿನಲ್ಲಿ ಸತ್ಯ ಅನ್ನೋದು…" ಎಂದು ಒಮ್ಮೆ ಶುರುಮಾಡಿದಳು. ಬಲಗಡೆ ಮೇಜಿನಿಂದ ಒಂದು ಸ್ಕ್ರೂಡ್ರೈವರ್ ಬೇಕೆಂದೇ ದಡಾರನೆ ಬಿತ್ತು. ನಾಲ್ಕನೇ ದಿನ ಸರದಿ ಇಲ್ಲದಿದ್ದರೂ ಟೀ ಮಾಡಿ, ಎಡಗೈಯಲ್ಲಿ ಒಂದೊಂದೇ ಲೋಟ ತಂದಿಟ್ಟು, ನಿಂತುಕೊಂಡೇ ಹೇಳಿದಳು.

"ಚಿಕ್ಕಮ್ಮ, ನನ್ನ ಕೈ ಮೇಲೆ ಏಳಲ್ಲ. ಅದಕ್ಕೇ ಮೊಳೆ ಇಳಿಸಿದ್ದು, ಅದಕ್ಕೇ ಜಡೆ ಕತ್ತರಿಸಿದ್ದು. ಬೇರೆ ಏನೂ ಇರ್ಲಿಲ್ಲ. ತಪ್ಪಾಯ್ತು."

ಅವಳು ಜನ್ಮದಲ್ಲಿ ಮಾಡಿದ ಅತಿ ಚಿಕ್ಕ ಭಾಷಣ ಅದು. ಚಿಕ್ಕಮ್ಮನ ಕೈ ತಾನಾಗಿ ಬರಿದಾದ ಕುತ್ತಿಗೆಗೆ ಹೋಯಿತು.

"ಅಂದ್ರೆ, ನಮ್ಮತ್ತೆ ಎರಡು ದಿನ ಊಟ ಬಿಟ್ಟಿದ್ದು ನಿಮ್ಮ ಭುಜಕ್ಕೋಸ್ಕರ?"

"ಹೂಂ. ಬೈಯೋದಾದ್ರೆ ಬೈದ್ಬಿಡು."

"ಬೈತೀನಿ. ಕೈ ವಾಸಿ ಆಗ್ಲಿ, ಸರಿಯಾಗಿ ಬೈತೀನಿ." ಚಿಕ್ಕಮ್ಮ ಟೀ ಒಂದು ಗುಟುಕು ಕುಡಿದಳು. "ಆದ್ರೆ ಒಂದ್ ಮಾತು ಅಕ್ಕಾ. ನಿಮ್ಮ ಕೈ ಎಷ್ಟು ಬೇಕಾದ್ರೂ ಮೇಲೆ ಹೋಗ್ಲಿ, ಆ ಮೊಳೆ ಮೇಲೆ ಹೋದ್ರೆ ನಾನು ಸುಮ್ನಿರಲ್ಲ. ನಿಮಗೆ ಅದು ನೆವ ಇರ್ಬೋದು, ನನಗೆ ಅದು ಮೊಳೆ. ಜಡೆದೂ ಅಷ್ಟೇ. ಆ ಇಪ್ಪತ್ತು ನಿಮಿಷ ನಾನೊಬ್ಳೇ ಕಿಟಕಿ ಹತ್ರ ಕೂತು ಟೀ ಕುಡೀತೀನಿ. ಮದುವೆ ಆದ್ಮೇಲೆ ಮನೇಲಿ ಬಿಸಿ ಟೀ ಕುಡಿದಿದ್ದು ಈಗ್ಲೇ. ಅದನ್ನ ವಾಪಸ್ ಕೇಳ್ಬೇಡಿ."

ಅಷ್ಟರಲ್ಲಿ ಬಲಗಡೆಯಿಂದ ಮಾತು ಬಂತು, ಈ ಸಲ ನೇರವಾಗಿ.

"ನಾಳೆ ಹತ್ತು ಗಂಟೆಗೆ ಡಾಕ್ಟರ ಹತ್ರ. ನಾನೂ ಬರ್ತೀನಿ. ನೀನು ಅಲ್ಲಿ ಭಾಷಣ ಶುರು ಮಾಡಿದ್ರೆ ಅಲ್ಲೇ ಬಿಟ್ಟು ಬರ್ತೀನಿ."

‘ನೀನು’ ಎಂಬ ಆ ಎರಡಕ್ಷರ ಕೇಳಿದ್ದೇ ಮೇಸ್ತ್ರಿ ಲೋಟ ಎತ್ತಿಕೊಂಡು ಹಿಂದಿನ ಕೋಣೆಗೆ ಹೋದಳು. ಬೆಂಚಿನ ಮೇಲೆ ಮಲಗಿ ಅರ್ಧ ಗಂಟೆ ಅತ್ತಳು. ಬೆಂಚಿಗೂ ಅದು ಹೊಸದು.

ಭುಜದ ಕೀಲು ಹೆಪ್ಪುಗಟ್ಟಿದೆ ಎಂದರು ಡಾಕ್ಟರಮ್ಮ. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದಕ್ಕೆ ಸೂಜಿ, "ಸಮಾಜ ತಿದ್ತಾ ಇದ್ರು" ಎಂದಳು. ಭಾರ ಎತ್ತಬಾರದು, ಕೈಯನ್ನು ಸುಮ್ಮನೆಯೂ ಇಡಬಾರದು. ದಿನಾ ಮೂರು ಸಲ ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಜೇಡದಂತೆ ಮೇಲೆ ಮೇಲೆ ನಡೆಸಬೇಕು. ಸೂಜಿ ಹಿಂದಿನ ಕೋಣೆಯ ಗೋಡೆಯಲ್ಲಿ, ಮೊಳೆಯ ಪಕ್ಕ, ಬೆರಳು ಮುಟ್ಟಿದಲ್ಲಿಗೆ ಪೆನ್ಸಿಲ್ ಗೆರೆ ಎಳೆದಳು. ಗುರಿ ಹಳೇ ಮೊಳೆಯ ತೂತು. ಗೆರೆ ವಾರಕ್ಕೆ ಒಂದು ಬೆರಳಗಲ ಏರಿದರೆ ಹೆಚ್ಚು, ಕೆಲವು ವಾರ ಅದೂ ಇಲ್ಲ.

ಆ ತಿಂಗಳುಗಳಲ್ಲಿ ಅಂಗಡಿಯಲ್ಲಿ ಒಂದು ಹೊಸ ಪ್ರಶ್ನೆ ಹುಟ್ಟಿತು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡು "ನೋಡಿ, ನಮ್ಮ ಸಮಾಜದಲ್ಲಿ…" ಎಂದರೆ ಸಾಕು, ಎರಡೂ ಕಡೆಯಿಂದ ಒಟ್ಟಿಗೆ "ತತ್ವನೋ, ನೋವೋ?" ಎಂದು ಬರುತ್ತಿತ್ತು. ಅರ್ಧಕ್ಕರ್ಧ ಸಲ ನೋವೇ ಆಗಿರುತ್ತಿತ್ತು. ಉಳಿದರ್ಧ ಸಲ ಭಾಷಣವನ್ನು ಕೇಳಬೇಕಾಗುತ್ತಿತ್ತು, ಅದಕ್ಕೆ ಮದ್ದಿಲ್ಲ. "ಮೇಸ್ತ್ರಿ ಇಲ್ವಾ?" ಎಂದು ಬಂದವರಿಗೆ ಈಗ ಮೂವರಲ್ಲಿ ಕೈ ಖಾಲಿ ಇದ್ದವಳು "ಹೇಳಿ" ಎನ್ನುತ್ತಿದ್ದಳು. ಹೆಸರು ಎಲ್ಲಿಯೂ ಹೋಗಲಿಲ್ಲ, ಇನ್ನಿಬ್ಬರಿಗೂ ಹಂಚಿತು. ಸೂಜಿ ಅಕ್ಕನ ಮನೆಗೆ ಹೋಗಿಬಂದಳು, ಜಗಳದಲ್ಲಿ ಸೋತೆ ಎಂದು ಮಾತ್ರ ಒಪ್ಪಲಿಲ್ಲವಂತೆ.

ಹತ್ತು ತಿಂಗಳಿಗೆ ಮೇಸ್ತ್ರಿಯ ನಡುಬೆರಳು ಆ ತೂತನ್ನು ಮುಟ್ಟಿತು. ಚಿಕ್ಕಮ್ಮ ಮಾತು ಕೊಟ್ಟಂತೆ ಅವಳನ್ನು ಕಾಲು ಗಂಟೆ ಸರಿಯಾಗಿ ಬೈದಳು. ಮೊಳೆ ಎಲ್ಲಿತ್ತೋ ಅಲ್ಲೇ ಉಳಿಯಿತು.

ಮಾರನೇ ಬೆಳಿಗ್ಗೆ, ಶಟರ್ ಎತ್ತಿದ ಕೂಡಲೇ, ಮೇಸ್ತ್ರಿ ಚೀಲದಿಂದ ಒಂದು ಬಾಚಣಿಗೆ ತೆಗೆದಳು. ಕೂದಲು ಭುಜ ದಾಟಿತ್ತು. ಸ್ಟೂಲ್ ಎಳೆದು ಸೂಜಿಯ ಮುಂದೆ ಬೆನ್ನು ಹಾಕಿ ಕೂತು, ಬಾಚಣಿಗೆಯನ್ನು ಹಿಂದಕ್ಕೆ ಚಾಚಿದಳು.

ಸೂಜಿ ತೆಗೆದುಕೊಳ್ಳಲಿಲ್ಲ. "ಕೈ ಈಗ ಮೇಲೆ ಹೋಗುತ್ತಲ್ಲ. ಇದೇನು, ತತ್ವನೋ, ನೋವೋ?"

"ಎರಡೂ ಅಲ್ಲ" ಎಂದಳು ಮೇಸ್ತ್ರಿ. "ನೀನು ಹಾಕಿದ್ರೆ ಚೆನ್ನಾಗಿರುತ್ತೆ ಅನ್ನಿಸ್ತು."

ಸೂಜಿ ಬಾಚಣಿಗೆ ಇಸಿದುಕೊಂಡು, ಕೂದಲನ್ನು ಮೂರು ಪಾಲು ಮಾಡಿ ಹೆಣೆಯತೊಡಗಿದಳು. ಅವಳ ಕೈಯೇ ಹಾಗೆ, ದಾರವಾದರೂ ಕೂದಲಾದರೂ ಬಿಗಿಯಾಗಿಯೇ ಎಳೆಯುವುದು.

"ಆಯ್, ನೋಯುತ್ತೆ ಕಣೇ" ಎಂದಳು ಮೇಸ್ತ್ರಿ, ಬೀದಿಗೇ ಕೇಳುವಷ್ಟು ಗಟ್ಟಿಯಾಗಿ.